ಫೈಲ್ ಅಪ್‌ಲೋಡ್ ಬರೆಯಲು ಕೂತು ನಾನು ಕಲಿತದ್ದು

ನೆಂಟರ ಹತ್ತಿರ ಚದುರಿಹೋಗಿರುವ ಹಳೆಯ ಫೋಟೋಗಳನ್ನೆಲ್ಲ ಒಂದೇ ಕಡೆ ಸೇರಿಸಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು. ವೆಬ್ ಪ್ರೋಗ್ರಾಮಿಂಗ್ ಕಲಿಯಲು ಶುರು ಮಾಡಿದಾಗ ಅದನ್ನೇ ಮೊದಲ ಕೆಲಸವಾಗಿ ಹಿಡಿದೆ. ಕೋಡ್ ಬರೆಯಲು ಪಿಎಚ್‌ಪಿ ಭಾಷೆ, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್, ಸರ್ವರ್‌ನಲ್ಲಿ ರಿಕ್ವೆಸ್ಟ್‌ಗಳನ್ನು ಮೊದಲು ತೆಗೆದುಕೊಳ್ಳಲು ಮುಂದೆ ಎಂಜಿನ್‌ಎಕ್ಸ್. ಲಾಗಿನ್ ಬಂತು, ಪಟ್ಟಿ ಬಂತು, ಹುಡುಕಾಟ ಬಂತು. ಅಪ್‌ಲೋಡ್ ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ಮೂರು ವಾರ ಹಿಡಿಯಿತು. ನೀವು ಬೇರೆ ಭಾಷೆಯಲ್ಲಿ ಬರೆಯುತ್ತಿದ್ದರೂ ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಎದುರಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನ ಫೈಲೇ ಬರಲಿಲ್ಲ. ಫಾರ್ಮ್ ಕಾಣುತ್ತಿತ್ತು, ಫೋಟೋ ಆರಿಸಬಹುದಿತ್ತು, ಸಬ್ಮಿಟ್ ಒತ್ತಿದರೆ ಬಂದ ಫೈಲ್‌ಗಳ ವಿವರ ಇರಬೇಕಾದ ಪಿಎಚ್‌ಪಿಯ ಫೈಲ್ಸ್ ಅರೇ (ಪಟ್ಟಿ) ಖಾಲಿ. ಫಾರ್ಮಿನ ಉಳಿದ ಮಾಹಿತಿ ಬರುವ ಪೋಸ್ಟ್ ಅರೇಯಲ್ಲಿ ಫೋಟೋದ ಹೆಸರು ಮಾತ್ರ ಕೂತಿತ್ತು. ಫಾರ್ಮ್ ಟ್ಯಾಗ್‌ನಲ್ಲಿ ಮಾಹಿತಿಯನ್ನು ಯಾವ ರೂಪದಲ್ಲಿ ಕಳಿಸಬೇಕು ಅಂತ ಹೇಳುವ ಎನ್‌ಕ್‌ಟೈಪ್ ಅನ್ನು ನಾನು ಬರೆದಿರಲಿಲ್ಲ. ಅದಿಲ್ಲದಿದ್ದರೆ ಬ್ರೌಸರ್ ಎಲ್ಲವನ್ನೂ ಮಾಮೂಲಿ ಯುಆರ್‌ಎಲ್-ಎನ್‌ಕೋಡೆಡ್ ರೀತಿಯಲ್ಲಿ ಕಳಿಸುತ್ತದೆ, ಆಗ ಫೈಲಿನ ಹೆಸರು ಹೋಗುತ್ತದೆ, ಫೈಲು ಇಲ್ಲೇ ಉಳಿಯುತ್ತದೆ. 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಅಂತ ಬರೆದ ಕೂಡಲೇ ಸರಿಹೋಯಿತು.

ಅಲ್ಲಿಗೆ ಬಿಟ್ಟು ಮುಂದೆ ಹೋಗಬಹುದಿತ್ತು. ಆದರೆ ಈ ಮಲ್ಟಿಪಾರ್ಟ್ ಅಂದರೆ ಏನು ಅಂತ ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ನೆಟ್‌ಕ್ಯಾಟ್ ಅನ್ನುವ ಪುಟ್ಟ ಟೂಲನ್ನು ಒಂದು ಪೋರ್ಟಿನಲ್ಲಿ ಕಾಯಲು ಬಿಟ್ಟು, ಫಾರ್ಮನ್ನು ನೇರ ಅದಕ್ಕೇ ಕಳಿಸಿದೆ. ಬ್ರೌಸರ್ ಬರೆದದ್ದೆಲ್ಲ ಪರದೆ ಮೇಲೆ ಬಿತ್ತು. ಬೌಂಡರಿ ಅನ್ನುವ ಒಂದು ಉದ್ದನೆಯ ಗೆರೆ, ಅದರ ಕೆಳಗೆ ಫೀಲ್ಡಿನ ಹೆಸರು, ಫೈಲಿನ ಹೆಸರು, ಕಂಟೆಂಟ್-ಟೈಪ್, ಒಂದು ಖಾಲಿ ಸಾಲು, ಆಮೇಲೆ ಫೋಟೋದ ಬೈಟ್‌ಗಳು, ಮತ್ತೆ ಬೌಂಡರಿ. 1995ರ ಆರ್‌ಎಫ್‌ಸಿ 1867 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಬಂದ ಪದ್ಧತಿ ಇದು, ಈಗಲೂ ಮೂಲ ರೂಪ ಅದೇ. ಜಾವಾಸ್ಕ್ರಿಪ್ಟ್‌ನ ಫೆಚ್‌ನಿಂದ ಕಳಿಸುವವರಿಗೆ ಇಲ್ಲೇ ಒಂದು ಮಾತು: ಫಾರ್ಮ್‌ಡೇಟಾ ಬಳಸುವಾಗ ಕಂಟೆಂಟ್-ಟೈಪ್ ಹೆಡರನ್ನು ನೀವಾಗಿ ಬರೆಯಬೇಡಿ. ಬರೆದರೆ ಬೌಂಡರಿ ಯಾವುದು ಅನ್ನುವ ಮಾಹಿತಿ ಅದರಲ್ಲಿ ಇರುವುದಿಲ್ಲ, ಸರ್ವರ್‌ಗೆ ತುಂಡುಗಳನ್ನು ಬಿಡಿಸಲು ಆಗುವುದಿಲ್ಲ.

ಆ ಪರದೆ ನೋಡಿದಾಗ ನನಗೆ ಹೊಳೆದ ವಿಷಯ ಮುಂದಿನ ಎಲ್ಲ ಕೆಲಸಕ್ಕೂ ದಾರಿಯಾಯಿತು. ಫೈಲಿನ ಹೆಸರು, ಅದರ ಟೈಪು, ಎರಡೂ ಕಳಿಸಿದವರು ಬರೆದ ಸಾಲುಗಳು ಅಷ್ಟೇ. ಖಾತ್ರಿ ಮಾಡಿಕೊಳ್ಳಲು ಒಂದು ಟೆಕ್ಸ್ಟ್ ಫೈಲನ್ನು ಕರ್ಲ್ ಅನ್ನುವ ಕಮಾಂಡ್‌ನಿಂದ 'ಇಮೇಜ್/ಜೆಪೆಗ್' ಅಂತ ಹೇಳಿ ಕಳಿಸಿದೆ. ಫೈಲ್ಸ್ ಅರೇಯ ಟೈಪ್ ಜಾಗದಲ್ಲಿ ಜೆಪೆಗ್ ಅಂತಲೇ ಬಂತು. ಪಿಎಚ್‌ಪಿ ಅದನ್ನು ಪರೀಕ್ಷೆ ಮಾಡುವುದಿಲ್ಲ, ಹೇಳಿದ್ದನ್ನು ದಾಟಿಸುತ್ತದೆ. ನನ್ನ ಕೋಡ್ ಮಾತ್ರ ಆ ಟೈಪನ್ನೇ ನಂಬಿ ಒಳಗೆ ಬಿಡುತ್ತಿತ್ತು.

ಆಮೇಲೆ ಗಾತ್ರದ ಸರದಿ. ಇಲ್ಲಿ ನನಗೆ ಜಾಸ್ತಿ ಸಮಯ ಹೋಯಿತು, ಯಾಕೆಂದರೆ ಒಂದರ ಹಿಂದೆ ಒಂದು ಮೂರು ಬಾಗಿಲುಗಳಿವೆ ಅಂತ ಗೊತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಸಣ್ಣ ಫೋಟೋ ಹೋಗುತ್ತಿತ್ತು, ಫೋನಿನಲ್ಲಿ ತೆಗೆದ 5 ಎಂಬಿ ಫೋಟೋ ಹೋಗುತ್ತಿರಲಿಲ್ಲ. ಪಿಎಚ್‌ಪಿಯಲ್ಲಿ ಒಂದು ಫೈಲಿಗೆ ಮೊದಲೇ ಇಟ್ಟಿರುವ ಮಿತಿ 2 ಎಂಬಿ. ಮೀರಿದರೆ ಫೈಲ್ಸ್ ಅರೇಯಲ್ಲಿ ಎರರ್ ಅನ್ನುವ ಜಾಗಕ್ಕೆ 1 ಬರುತ್ತದೆ. ನಾನು ಆ ಜಾಗವನ್ನು ನೋಡುತ್ತಲೇ ಇರಲಿಲ್ಲ. 0 ಅಂದರೆ ಸರಿ, 3 ಅಂದರೆ ಅರ್ಧ ಮಾತ್ರ ಬಂದಿದೆ, 4 ಅಂದರೆ ಫೈಲ್ ಆರಿಸಿಯೇ ಇಲ್ಲ, 7 ಅಂದರೆ ಡಿಸ್ಕಿಗೆ ಬರೆಯಲು ಆಗಲಿಲ್ಲ. ಬೇರೆ ಏನನ್ನಾದರೂ ಮುಟ್ಟುವ ಮೊದಲು ಆ ನಂಬರ್ ನೋಡಿ. ನನ್ನ ಮೊದಲ ವಾರದ ಗೊಂದಲದಲ್ಲಿ ಅರ್ಧ ಅದರಿಂದಲೇ ತಪ್ಪುತ್ತಿತ್ತು.

ಮಿತಿಯನ್ನು 20 ಎಂಬಿಗೆ ಏರಿಸಿದೆ. ಒಂದು ಫೋಟೋ ಹೋಯಿತು. ನಾಲ್ಕು ಒಟ್ಟಿಗೆ ಕಳಿಸಿದರೆ 'ದಯವಿಟ್ಟು ಫೋಟೋ ಆರಿಸಿ' ಅಂತ ನನ್ನದೇ ಸಂದೇಶ ವಾಪಸ್ ಬಂತು. ಇಡೀ ರಿಕ್ವೆಸ್ಟಿಗೆ ಬೇರೆ ಮಿತಿ ಇದೆ, ಅದು 8 ಎಂಬಿ, ಮತ್ತು ಅದನ್ನು ಮೀರಿದರೆ ಪಿಎಚ್‌ಪಿ ಪೋಸ್ಟ್ ಅರೇಯನ್ನೂ ಫೈಲ್ಸ್ ಅರೇಯನ್ನೂ ಎರಡನ್ನೂ ಖಾಲಿ ಮಾಡಿ ಕೊಡುತ್ತದೆ, ಎರರ್ ನಂಬರ್ ಕೂಡ ಸಿಗುವುದಿಲ್ಲ. ಈಗ ನಾನು ಮಾಡುವುದು ಹೀಗೆ: ಮೆಥಡ್ ಪೋಸ್ಟ್ ಆಗಿದ್ದು, ಕಂಟೆಂಟ್-ಲೆಂಗ್ತ್ ಸೊನ್ನೆಗಿಂತ ಜಾಸ್ತಿ ಇದ್ದು, ಎರಡೂ ಅರೇ ಖಾಲಿ ಇದ್ದರೆ 'ಒಟ್ಟು ಗಾತ್ರ ಹೆಚ್ಚಾಯಿತು, ಕಡಿಮೆ ಫೋಟೋ ಆರಿಸಿ' ಅಂತ ತೋರಿಸುತ್ತೇನೆ.

ಅದನ್ನು 60 ಎಂಬಿ ಮಾಡಿ ಸರ್ವರ್‌ಗೆ ಏರಿಸಿದರೆ, ಅಲ್ಲಿ ಒಂದೂವರೆ ಎಂಬಿ ಫೋಟೋ ಕೂಡ ಹೋಗಲಿಲ್ಲ. 413, ಅಂದರೆ ರಿಕ್ವೆಸ್ಟ್ ತೀರಾ ದೊಡ್ಡದು, ಅಂತ ಒಂದು ಬೋಳು ಪುಟ. ಪಿಎಚ್‌ಪಿ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ, ರಿಕ್ವೆಸ್ಟ್ ಪಿಎಚ್‌ಪಿಯವರೆಗೆ ಬಂದೇ ಇರಲಿಲ್ಲ. ಎಂಜಿನ್‌ಎಕ್ಸ್‌ನ ಮಿತಿ ಸುಮ್ನೆ ಬಿಟ್ಟರೆ 1 ಎಂಬಿ. ಅದನ್ನೂ 60ಕ್ಕೆ ತಂದ ಮೇಲೆ ದಾರಿ ತೆರೆಯಿತು. ಇನ್ನೊಂದು ಆಮೇಲೆ ಸಿಕ್ಕಿತು: ಚಿಕ್ಕಪ್ಪ 30 ಫೋಟೋ ಒಟ್ಟಿಗೆ ಆರಿಸಿದರು, 20 ಬಂದವು. ಒಂದು ರಿಕ್ವೆಸ್ಟಿಗೆ 20 ಫೈಲ್ ಅನ್ನುವ ಮಿತಿಯೂ ಪಿಎಚ್‌ಪಿಯಲ್ಲಿದೆ. ಈಗ ಫಾರ್ಮಿನಲ್ಲೇ 'ಒಮ್ಮೆಗೆ 20' ಅಂತ ಬರೆದಿದ್ದೇನೆ.

ನಿಜವಾದ ನಷ್ಟ ಆದದ್ದು ಹೆಸರಿನ ವಿಷಯದಲ್ಲಿ. ಅಪ್‌ಲೋಡ್ ಆದ ಫೈಲಿಗೆ ಕಳಿಸಿದವರು ಇಟ್ಟ ಹೆಸರನ್ನೇ ಇಟ್ಟು ಉಳಿಸುತ್ತಿದ್ದೆ. ಸುರಕ್ಷಿತವಾಗಿರಲಿ ಅಂತ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಬಿಟ್ಟು ಉಳಿದದ್ದನ್ನೆಲ್ಲ ಅಂಡರ್‌ಸ್ಕೋರ್ ಮಾಡುವ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಹಾಕಿದ್ದೆ. ನಮ್ಮವರು ಫೈಲಿಗೆ ಕನ್ನಡದಲ್ಲಿ ಹೆಸರಿಡುತ್ತಾರೆ. ಅತ್ತಿಗೆ 'ಅಜ್ಜಿ' ಅಂತ ಹೆಸರಿಟ್ಟ ಫೋಟೋ ಕಳಿಸಿದರು, ಎರಡು ದಿನ ಬಿಟ್ಟು ಇನ್ನೊಬ್ಬರು 'ಮದುವೆ' ಅಂತ ಹೆಸರಿಟ್ಟದ್ದನ್ನು ಕಳಿಸಿದರು. ಯೂನಿಕೋಡ್‌ನಲ್ಲಿ ಈ ಎರಡು ಪದಕ್ಕೂ ಐದೈದು ಕೋಡ್ ಪಾಯಿಂಟ್ (ಅಕ್ಷರಕ್ಕೆ, ಗುಣಿತ ಚಿಹ್ನೆಗೆ ಕೊಟ್ಟ ಸಂಖ್ಯೆ), ಅದನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಅಂದರೆ ಎರಡೂ ಹದಿನೈದು ಬೈಟ್. ನನ್ನ ರೆಜೆಕ್ಸ್ ಬೈಟ್ ಲೆಕ್ಕದಲ್ಲಿ ಓಡುತ್ತಿತ್ತು. ಎರಡಕ್ಕೂ ಹದಿನೈದು ಅಂಡರ್‌ಸ್ಕೋರ್ ಇರುವ ಒಂದೇ ಹೆಸರು ಹುಟ್ಟಿತು. ಪಿಎಚ್‌ಪಿಯ ಮೂವ್-ಅಪ್‌ಲೋಡೆಡ್-ಫೈಲ್ ಫಂಕ್ಷನ್ ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಕೇಳದೆ ಅದರ ಮೇಲೆ ಬರೆಯುತ್ತದೆ. ಅಜ್ಜಿಯ ಫೋಟೋ ಹೋಯಿತು. ಅತ್ತಿಗೆಯ ಹತ್ತಿರ ಪ್ರತಿ ಇತ್ತು, ಮತ್ತೆ ಕಳಿಸಿದರು. ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಅಂತ ಆ ರಾತ್ರಿಯೆಲ್ಲ ಯೋಚಿಸಿದ್ದೇನೆ.

ಈಗ ಡಿಸ್ಕಿನ ಮೇಲಿನ ಹೆಸರು ಪೂರ್ತಿ ನನ್ನದು. 16 ರ‍್ಯಾಂಡಮ್ ಬೈಟ್ ತೆಗೆದು ಹೆಕ್ಸ್‌ಗೆ (16ರ ಆಧಾರದ ಅಂಕಿಗಳಿಗೆ) ತಿರುಗಿಸಿದರೆ 32 ಅಕ್ಷರ, ಅದೇ ಹೆಸರು. ಅವರು ಇಟ್ಟ ಹೆಸರು ಡೇಟಾಬೇಸಿನ ಒಂದು ಕಾಲಮ್‌ನಲ್ಲಿ ಹಾಗೇ ಇರುತ್ತದೆ, ಪುಟದಲ್ಲಿ ತೋರಿಸುವಾಗ ಎಚ್‌ಟಿಎಂಎಲ್ ಎಸ್ಕೇಪ್ ಮಾಡಿ, ಅಂದರೆ ಟ್ಯಾಗ್ ಇದ್ದರೂ ಅದು ಬರೀ ಅಕ್ಷರವಾಗಿ ಕಾಣುವಂತೆ ಮಾಡಿ, ತೋರಿಸುತ್ತೇನೆ. ಹೆಸರಿನೊಳಗೆ ಸ್ಕ್ರಿಪ್ಟ್ ಟ್ಯಾಗ್ ಇಟ್ಟು ಕಳಿಸಬಹುದು ಅಲ್ವಾ, ಅದೂ ಅವರು ಬರೆದ ಸಾಲೇ.

ಟೈಪಿಗೆ ಬೈಟ್‌ಗಳನ್ನೇ ಕೇಳಬೇಕು. ಜೆಪೆಗ್ ಶುರುವಾಗುವುದೇ ಎಫ್‌ಎಫ್ ಡಿ8 ಎಫ್‌ಎಫ್ ಅಂತ, ಪಿಡಿಎಫ್‌ನ ತಲೆಯಲ್ಲಿ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಅನ್ನುವ ಅಕ್ಷರಗಳೇ ಇರುತ್ತವೆ. ಪಿಎಚ್‌ಪಿಯ ಫೈಲ್‌ಇನ್ಫೋ ಇದನ್ನು ನೋಡಿ ಹೇಳುತ್ತದೆ. ಜೆಪೆಗ್, ಪಿಎನ್‌ಜಿ, ಪಿಡಿಎಫ್ ಮೂರಕ್ಕೆ ಮಾತ್ರ ಒಪ್ಪಿಗೆ, ಎಕ್ಸ್‌ಟೆನ್ಶನ್ ಕೂಡ ನಾನೇ ಆ ಉತ್ತರದಿಂದ ಹಚ್ಚುತ್ತೇನೆ. ಎಸ್‌ವಿಜಿ ಕೇಳಿದವರಿದ್ದಾರೆ, ಅದರೊಳಗೆ ಸ್ಕ್ರಿಪ್ಟ್ ಇರಲು ಸಾಧ್ಯ, ಆದ್ದರಿಂದ ಬೇಡ ಅಂದೆ.

ಆದರೆ ಫೈಲ್‌ಇನ್ಫೋ ಒಂದನ್ನೇ ನೆಚ್ಚಿಕೊಳ್ಳಬಾರದು ಅಂತ ಗೊತ್ತಾದದ್ದು ನನ್ನ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಿದಾಗ. ಹಳೆಯ ಕೋಡಿನಲ್ಲಿ ಫೈಲ್‌ಗಳು ವೆಬ್ ರೂಟ್‌ನೊಳಗಿನ, ಅಂದರೆ ಲಿಂಕ್‌ನಿಂದ ನೇರ ತೆರೆಯಬಹುದಾದ, ಫೋಲ್ಡರಿಗೆ ಕಳಿಸಿದವರು ಇಟ್ಟ ಹೆಸರಿನಲ್ಲೇ ಹೋಗುತ್ತಿದ್ದವು. ಒಂದು ಸರಿಯಾದ ಜೆಪೆಗ್ ತೆಗೆದುಕೊಂಡು, ಅದರ ಕಾಮೆಂಟ್ ಭಾಗದಲ್ಲಿ ಒಂದು ಸಾಲು ಪಿಎಚ್‌ಪಿ ಇಟ್ಟು, ಪಿಎಚ್‌ಪಿ ಎಕ್ಸ್‌ಟೆನ್ಶನ್ ಕೊಟ್ಟು ಕಳಿಸಿದೆ. ಫೈಲ್‌ಇನ್ಫೋ ಜೆಪೆಗ್ ಅಂದಿತು. ಅದು ಜೆಪೆಗ್ ಹೌದು. ಲಿಂಕ್ ತೆರೆದರೆ ಆ ಸಾಲು ಓಡಿತು. ಯಾರೋ ಕಳಿಸಿದ ಕೋಡ್ ನನ್ನ ಸರ್ವರ್‌ನಲ್ಲಿ ಓಡುವುದು ಇಷ್ಟು ಸುಲಭ ಅಂತ ಓದಿದ್ದೆ, ನೋಡಿದ್ದು ಆವತ್ತು. ಕೈ ತಣ್ಣಗಾಯಿತು.

ಅವತ್ತೇ ಫೋಲ್ಡರನ್ನು ವೆಬ್ ರೂಟ್‌ನಿಂದ ಹೊರಗೆ ಹಾಕಿದೆ. ಈಗ ಯಾವ ಫೋಟೋಗೂ ನೇರ ಲಿಂಕ್ ಇಲ್ಲ. ಒಂದು ಸ್ಕ್ರಿಪ್ಟ್ ಇದೆ, ಅದು ಐಡಿ ತೆಗೆದುಕೊಂಡು, ಲಾಗಿನ್ ಆಗಿದ್ದಾರಾ, ಈ ಫೋಟೋ ನೋಡಲು ಅವರಿಗೆ ಅನುಮತಿ ಇದೆಯಾ ಅಂತ ನೋಡಿ, ಡೇಟಾಬೇಸಿನಲ್ಲಿರುವ ಟೈಪನ್ನು ಹೆಡರ್‌ನಲ್ಲಿ ಬರೆದು, ಬ್ರೌಸರ್ ತಾನೇ ಟೈಪ್ ಊಹಿಸದಂತೆ ನೋಸ್ನಿಫ್ ಹೆಡರನ್ನೂ ಸೇರಿಸಿ, ಆಮೇಲೆ ಫೈಲ್ ಓದಿ ಕೊಡುತ್ತದೆ. ಇದರಿಂದ ಇನ್ನೊಂದು ತೂತೂ ಮುಚ್ಚಿತು. ಮೊದಲು ಲಿಂಕ್ ಗೊತ್ತಿದ್ದವರು ಯಾರೇ ಆದರೂ ಲಾಗಿನ್ ಇಲ್ಲದೆ ನಮ್ಮ ಮನೆಯವರ ಫೋಟೋ ನೋಡಬಹುದಿತ್ತು.

ಹೊಸ ಫೋಲ್ಡರಿಗೆ ಬರೆಯಲು ಆಗದೆ ಪರ್ಮಿಷನ್ ಎರರ್ ಬಂತು. ಹುಡುಕಿದರೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡಿ ಅಂತ ಎಲ್ಲ ಕಡೆ ಸಿಗುತ್ತದೆ. ಕೊಡಬೇಡಿ. ಪಿಎಚ್‌ಪಿ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆ ಅಂತ ನೋಡಿ, ಆ ಯೂಸರನ್ನೇ ಫೋಲ್ಡರಿನ ಒಡೆಯ ಮಾಡಿದರೆ 750 (ಒಡೆಯನಿಗೆ ಪೂರ್ತಿ ಅನುಮತಿ, ಹೊರಗಿನವರಿಗೆ ಏನೂ ಇಲ್ಲ) ಸಾಕು.

ಫೋನಿನ ಫೋಟೋಗಳು ಅಡ್ಡ ಮಲಗಿದ್ದು ಮುಂದಿನ ತಲೆನೋವು. ಫೋನು ಚಿತ್ರವನ್ನು ತಿರುಗಿಸಿ ಉಳಿಸುವ ಬದಲು 'ಇದನ್ನು ತಿರುಗಿಸಿ ತೋರಿಸು' ಅಂತ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೇ ಇರುವ ವಿವರಗಳ ಭಾಗ) ಒಂದು ಅಂಕಿ ಬರೆಯುತ್ತದೆ. ನಾನು ತೋರಿಸಲು ಬೇರೆ ಪ್ರತಿ ಮಾಡುತ್ತೇನೆ, ಪಿಎಚ್‌ಪಿಯ ಚಿತ್ರ ಲೈಬ್ರರಿಯಾದ ಜಿಡಿಯಲ್ಲಿ ತೆರೆದು ಮತ್ತೆ ಜೆಪೆಗ್ ಆಗಿ ಉಳಿಸುವುದು. ಆಗ ಎಕ್ಸಿಫ್ ಪೂರ್ತಿ ಹೋಗುತ್ತದೆ. ಫೋಟೋ ತೆಗೆದ ಜಾಗದ ಜಿಪಿಎಸ್ ಗುರುತೂ ಹೋಗುವುದರಿಂದ ಅದು ಒಳ್ಳೆಯದೇ, ಆದರೆ ದಿಕ್ಕಿನ ಅಂಕಿಯನ್ನು ಮೊದಲೇ ಓದಿಟ್ಟುಕೊಂಡಿರಬೇಕು. 6 ಇದ್ದರೆ ಬಲಕ್ಕೆ 90 ಡಿಗ್ರಿ. ಜಿಡಿಯ ರೊಟೇಟ್ ಎಡಕ್ಕೆ ತಿರುಗಿಸುವುದರಿಂದ ಮೈನಸ್ 90 ಅಂತ ಕೊಡಬೇಕು. ಮೆಮೊರಿ ಲೆಕ್ಕವನ್ನೂ ಹಾಕಿಕೊಳ್ಳಿ. 4000 ಗುಣಿಸು 3000 ಅಂದರೆ 1.2 ಕೋಟಿ ಪಿಕ್ಸೆಲ್, ಒಂದಕ್ಕೆ 4 ಬೈಟ್, ಸುಮಾರು 48 ಎಂಬಿ. ತಿರುಗಿಸುವಾಗ ಎರಡನೇ ಪ್ರತಿ, 96 ಎಂಬಿ. ಪಿಎಚ್‌ಪಿಗೆ ಮಾಮೂಲಿಯಾಗಿ ಕೊಡುವುದು 128. ಫೈಲು 3 ಎಂಬಿ ಇದ್ದರೂ ಒಳಗೆ ಬಿಚ್ಚಿದಾಗ ಇಷ್ಟಾಗುತ್ತದೆ. ಅದಕ್ಕೇ ತೆರೆಯುವ ಮೊದಲು ಉದ್ದ ಅಗಲ ನೋಡಿ, ತೀರಾ ದೊಡ್ಡದಿದ್ದರೆ ನಿಲ್ಲಿಸುತ್ತೇನೆ. ಮೂಲ ಫೋಟೋವನ್ನು ಮಾತ್ರ ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ, ಕಳಿಸಿದವರಿಗಷ್ಟೇ ಅದು ಸಿಗುತ್ತದೆ. ಹಳೆಯ ಫೋಟೋ ಸ್ಕ್ಯಾನ್ ಮಾಡಿದವರ ಶ್ರಮವನ್ನು ನಾನು ಕುಗ್ಗಿಸಿ ಇಡುವುದು ಸರಿ ಅನ್ನಿಸಲಿಲ್ಲ.

ಕೊನೆಗೆ ಬ್ಯಾಕಪ್. ದಿನಾ ರಾತ್ರಿ ಡೇಟಾಬೇಸ್ ಡಂಪ್, ಅಂದರೆ ಅದರ ಪೂರ್ತಿ ಪ್ರತಿ, ಹೋಗುತ್ತಿತ್ತು, ನೆಮ್ಮದಿಯಾಗಿದ್ದೆ. ಒಂದು ಭಾನುವಾರ ಬೇರೆ ಕಂಪ್ಯೂಟರಿನಲ್ಲಿ ಅದನ್ನು ಮರಳಿ ಕೂರಿಸಿ ನೋಡಿದರೆ ಪಟ್ಟಿ ಪೂರ್ತಿ ಇದೆ, ಒಂದು ಚಿತ್ರವೂ ಇಲ್ಲ. ಫೈಲ್‌ಗಳ ಫೋಲ್ಡರ್ ಡಂಪ್‌ನಲ್ಲಿ ಬರುವುದಿಲ್ಲ. ಈಗ ಮೊದಲು ಡಂಪ್, ಆಮೇಲೆ ಫೋಲ್ಡರಿನ ಪ್ರತಿ. ಈ ಕ್ರಮದಲ್ಲಿ ಮಾಡಿದರೆ ನಡುವೆ ಯಾರಾದರೂ ಅಪ್‌ಲೋಡ್ ಮಾಡಿದರೂ ಡೇಟಾಬೇಸಿನಲ್ಲಿ ಸಾಲಿಲ್ಲದ ಫೈಲ್ ಒಂದು ಜಾಸ್ತಿ ಇರುತ್ತದೆ ಅಷ್ಟೇ, ಫೈಲಿಲ್ಲದ ಸಾಲು ಉಳಿಯುವುದಿಲ್ಲ. ಅಪ್‌ಲೋಡ್ ಕೋಡಿನಲ್ಲೂ ಅದೇ ಕ್ರಮ: ಫೈಲ್ ಡಿಸ್ಕಿಗೆ ಹೋದ ಮೇಲೆ ಡೇಟಾಬೇಸಿಗೆ ಸಾಲು. ಅಳಿಸುವಾಗ ಉಲ್ಟಾ. ಸಾಲಿಲ್ಲದೆ ಉಳಿದ ಫೈಲ್‌ಗಳನ್ನು ಹುಡುಕುವ ಒಂದು ಸ್ಕ್ರಿಪ್ಟ್ ವಾರಕ್ಕೊಮ್ಮೆ ಓಡುತ್ತದೆ. ಅದು ಪಟ್ಟಿಯನ್ನು ನನಗೆ ಕಳಿಸುತ್ತದೆ, ತಾನಾಗಿ ಏನನ್ನೂ ಅಳಿಸುವುದಿಲ್ಲ. ಅಳಿಸುವ ಮೊದಲು ಒಂದೊಂದನ್ನೂ ನಾನೇ ತೆರೆದು ನೋಡುತ್ತೇನೆ.