ಮೊಬೈಲ್ ಕಿತ್ತುಕೊಳ್ಳುವ ಮೊದಲು ಇಷ್ಟು ಮಾಡಿ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಯಾರ ಮನೆಗೆ ಹೋದರೂ ಇದನ್ನು ನೋಡಬಹುದು. ಚೊಗರು ಹತ್ತಿದ ಅಪ್ಪನ ಹೆಬ್ಬೆರಳಿಗೆ ಮೊಬೈಲ್ ತೆರೆಯುವುದಿಲ್ಲ. ‘ಪುಟ್ಟಾ, ನಂಬರ್ ಒತ್ತಿ ತೆಗಿಯಾ’ ಎಂದು ಮಗನ ಕೈಗೆ ಕೊಡುತ್ತಾರೆ. ಆಮೇಲೆ ಅಂಗಡಿ ಬಾಕಿ ಕಳಿಸಲು ಯುಪಿಐ ಪಿನ್ ಕೂಡ ಹೇಳುತ್ತಾರೆ. ಮಕ್ಕಳನ್ನು ಆನ್‌ಲೈನ್ ಮೋಸದಿಂದ ಕಾಪಾಡುವ ಮೊದಲ ಕೆಲಸ ಅಲ್ಲೇ ಇದೆ. ಇವತ್ತೇ ಆ ಪಿನ್ ಬದಲಿಸಿ. ದುಡ್ಡು ಬರುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಒತ್ತು ಎಂದವನು ಕಳ್ಳ ಎಂದು ಮಕ್ಕಳಿಗೆ ಹೇಳಿಕೊಡಿ.

ಎರಡನೆಯದು ಹುಟ್ಟಿದ ವರ್ಷ. ಇನ್‌ಸ್ಟಾಗ್ರಾಮ್‌ಗೆ 13 ತುಂಬಿರಬೇಕು. ಆದರೆ ಐದನೇ ಕ್ಲಾಸಿನ ಮಗುವಿಗೆ ಅಪ್ಪ ಅಮ್ಮನೇ ಕೂತು 2001 ಅಂತ ಹಾಕಿ ಖಾತೆ ಮಾಡಿಕೊಟ್ಟಿದ್ದನ್ನು ನಾನೇ ಕಂಡಿದ್ದೇನೆ. ನಿಜವಾದ ವರ್ಷ ಹಾಕಿದರೆ 18ರ ಒಳಗಿನವರ ಖಾತೆ ತಾನಾಗೇ ಪ್ರೈವೇಟ್ ಆಗುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಬರುವುದಿಲ್ಲ. 2025ರಿಂದ ನಮ್ಮ ದೇಶದಲ್ಲೂ ಹೀಗಿದೆ. 16ರ ಒಳಗಿನವರು ಇದನ್ನು ಸಡಿಲ ಮಾಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಸುಳ್ಳು ವರ್ಷ ಹಾಕಿದರೆ ಇದೆಲ್ಲಾ ಹೋಯಿತು.

ವಾಟ್ಸ್ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಗ್ರೂಪ್‌ಗೆ ಸೇರಿಸುವ ಅವಕಾಶ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಇರಲಿ. ಎರಡು ನಿಮಿಷದ ಕೆಲಸ.

ಮಕ್ಕಳ ಮೆಸೇಜ್ ಕದ್ದು ಓದುವ ಆ್ಯಪ್‌ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಮಗುವಿನ ಫೋಟೊ, ಮಾತು ಎಲ್ಲ ಇನ್ಯಾರದೋ ಕೈ ಸೇರುತ್ತದೆ. ಚಿಕ್ಕವರಿಗೆ, ಮಗುವಿನ ಫೋನ್ ಬಳಕೆಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಸಾಕು, ಪುಕ್ಕಟೆ. ಪಿಯುಸಿ ಹುಡುಗರ ಹತ್ತಿರ ಅದೂ ನಡೆಯಲ್ಲ.

ಈಗ ಎಲ್ಲರೂ ಎಡವುವ ಜಾಗ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಗೇಮ್‌ನಲ್ಲಿ ಪರಿಚಯವಾದವನಿಗೆ ತನ್ನ ಖಾಸಗಿ ಫೋಟೊ ಕಳಿಸಿದ್ದಳು. ಅವನು ದುಡ್ಡು ಕೇಳಲು ಶುರು ಮಾಡಿದ. ಹೆದರಿ ಹೆದರಿ ಅಮ್ಮನ ಹತ್ತಿರ ಹೇಳಿದಳು. ಅಪ್ಪ ಬಂದವರೇ ಮೊಬೈಲನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದರು. ಸಾಕ್ಷಿ ಅಲ್ಲಿಗೆ ಮುಗಿಯಿತು. ಅವನ ಯೂಸರ್‌ನೇಮ್ ಕೊನೆಯಲ್ಲಿ ಎಷ್ಟು ಸೊನ್ನೆ ಇದ್ದವು ಎಂದು ಪೊಲೀಸರು ಕೇಳಿದರೆ ಯಾರಿಗೂ ನೆನಪಿಲ್ಲ. ಆಮೇಲೆ ಆ ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟದ್ದೇ ಕಮ್ಮಿ.

ಹಾಗಾಗಿ ಏನೂ ಆಗದಿರುವಾಗಲೇ ಮಾತು ಕೊಟ್ಟಿಡಿ: ‘ಏನೇ ಆದ್ರೂ ಹೇಳು, ಮೊಬೈಲ್ ಕಿತ್ಕೊಳ್ಳಲ್ಲ.’ ಎದುರು ಕೂರಿಸಿಕೊಂಡು ಭಾಷಣ ಬೇಡ. ಅಂಗಳದಲ್ಲಿ ಅಡಿಕೆ ಹರಗುವಾಗ, ಬೈಕಿನಲ್ಲಿ ಸಂತೆಗೆ ಹೋಗುವಾಗ ಹೇಳಿ. ಮುಖ ನೋಡದೆ ಆಡುವ ಮಾತು ಈ ವಯಸ್ಸಿಗೆ ಸುಲಭ.

ಮಗು ಬಂದು ಹೇಳಿದ ದಿನ ಮೊದಲು ನೀರು ಕುಡಿಯಿರಿ. ‘ಯಾಕೆ ಕಳಿಸಿದೆ’ ಎನ್ನುವ ಪ್ರಶ್ನೆ ನಾಳೆಗಿರಲಿ. ಬೆದರಿಸುವವನಿಗೆ ಒಂದು ರೂಪಾಯಿಯೂ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಏನನ್ನೂ ಅಳಿಸಬೇಡಿ. ಅವನ ಪ್ರೊಫೈಲ್, ಅದರ ಲಿಂಕ್, ಬೆದರಿಕೆ ಮೆಸೇಜು, ದುಡ್ಡು ಕೇಳಿದ ಯುಪಿಐ ಐಡಿ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಜನ ಸಿಟ್ಟಿನಲ್ಲಿ ಮೊದಲೇ ಬ್ಲಾಕ್ ಮಾಡಿ, ಆಮೇಲೆ ಅವನನ್ನು ಹುಡುಕುತ್ತಾ ಕೂರುತ್ತಾರೆ.

ಆ ಫೋಟೊವನ್ನು ಮಾತ್ರ ‘ಸ್ವಲ್ಪ ನೋಡಿ’ ಎಂದು ಮಾವನಿಗೋ ಚಿಕ್ಕಪ್ಪನಿಗೋ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅಲ್ಲಿ ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಅದನ್ನಿಟ್ಟುಕೊಂಡು ತಮ್ಮಲ್ಲಿ ಆ ಚಿತ್ರ ಹುಡುಕಿ ತೆಗೆಯುತ್ತವೆ.

ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯಲು ಅವಕಾಶ ಜಾಸ್ತಿ. ಮಕ್ಕಳ ಸಹಾಯವಾಣಿ 1098. ಶಿವಮೊಗ್ಗದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಲ್ಲ ಬಿಡಿ, ಗುಡ್ಡ ಹತ್ತಿ ಕರೆ ಮಾಡಬೇಕು. ಆಗ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬೆದರಿಸಿದವನ ಯೂಸರ್‌ನೇಮ್‌ನ ಸ್ಪೆಲ್ಲಿಂಗ್ ಗೊತ್ತಿರುವುದು ಮಗುವಿಗೇ.