ದೊಡ್ಡಮ್ಮನ ಹಾಡಿನೊಳಗಿನ ಚಟಚಟ: ಲ್ಯಾಪ್‌ಟಾಪ್ ಸದ್ದು ಸರಿಮಾಡಿದ ನನ್ನ ಅನುಭವ

ನಮ್ಮ ದೊಡ್ಡಮ್ಮ ಹಸೆ ಹಾಡಿಗೆ ಹೆಸರಾದವರು. ತೀರ್ಥಹಳ್ಳಿ ಸುತ್ತಿನ ಎಷ್ಟೋ ಮದುವೆಗಳಲ್ಲಿ ಮದುಮಗಳನ್ನು ಹಸೆಗೆ ಕರೆದದ್ದು ಅವರ ದನಿಯೇ. ಆಗ ಟೇಪ್ ರೆಕಾರ್ಡರ್ ಇಟ್ಟು ಹಿಡಿದ 34 ಕ್ಯಾಸೆಟ್ ನಮ್ಮನೆ ಅಟ್ಟದಲ್ಲಿದ್ದವು. ಕಳೆದ ಮಳೆಗಾಲದಲ್ಲಿ ಪೆಟ್ಟಿಗೆ ತೆಗೆದರೆ ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಇನ್ನು ತಡ ಮಾಡಿದರೆ ಉಳಿದವೂ ಹೋಗುತ್ತವೆ ಅನ್ನಿಸಿ, ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಇಳಿಸಲು ಕೂತೆ.

ಮೊದಲ ಕ್ಯಾಸೆಟ್ ಇಳಿಸಿ ದೊಡ್ಡಮ್ಮನಿಗೆ ಕೇಳಿಸಿದೆ. ಎರಡು ನುಡಿ ಆಗುವಷ್ಟರಲ್ಲಿ, "ಎಂತದಾ ಇದು, ಹಂಚಿನ ಮೇಲೆ ಆಲಿಕಲ್ಲು ಬಿದ್ದಂಗೆ! ನನ್ನ ಹಾಡು ಎಲ್ಲೋಯ್ತು?" ಅಂದರು. ಹಾಡಿನ ತುಂಬಾ ಚಟಚಟ, ನಡುನಡುವೆ ಟಪ್ ಟಪ್. ಕ್ಯಾಸೆಟ್ ಹಳೆಯದಾಗಿದ್ದಕ್ಕೆ ಹೀಗೆ ಅಂದುಕೊಂಡೆ. ಆದರೆ ಅದೇ ಕ್ಯಾಸೆಟ್ ಟೇಪ್ ರೆಕಾರ್ಡರಿನ ಹೆಡ್‌ಫೋನ್‌ನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ತೊಂದರೆ ಇದ್ದದ್ದು ಲ್ಯಾಪ್‌ಟಾಪ್ ಕಡೆ.

ಅವತ್ತು ರಾತ್ರಿ ಸಿಕ್ಕ ಸಿಕ್ಕ ಸೆಟ್ಟಿಂಗ್ ಎಲ್ಲ ಬದಲಾಯಿಸಿದೆ. ಸ್ವಲ್ಪ ಕಮ್ಮಿಯಾಯ್ತು, ಮರುದಿನ ಮತ್ತೆ ಬಂತು. ಯಾವುದರಿಂದ ಕಮ್ಮಿಯಾಯ್ತು, ಯಾಕೆ ಬಂತು, ಒಂದೂ ಗೊತ್ತಾಗಲಿಲ್ಲ. ಎಲ್ಲವನ್ನೂ ಮೊದಲಿನ ಹಾಗೇ ಮಾಡಿ, ಒಂದು ನೋಟ್‌ಬುಕ್ ತಗೊಂಡು, ಸುಮ್ನೆ ಕೇಳುತ್ತಾ ಕೂತೆ. ಅದೇ ಹಾಡನ್ನು ಐದು ಸಲ ಹಾಕಿ, ಚಟ್ ಅಂದಾಗಲೆಲ್ಲ ಎಷ್ಟನೇ ಸೆಕೆಂಡ್ ಅಂತ ಬರೆದುಕೊಂಡೆ.

ದಾರಿ ಕಂಡದ್ದು ಅಲ್ಲಿ. ಕೆಲವು ಸದ್ದು ಪ್ರತಿ ಸಲವೂ ಅದೇ ಜಾಗದಲ್ಲಿ ಬರುತ್ತಿದ್ದವು. ಕೆಲವು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಅದೇ ಜಾಗದಲ್ಲಿ ಬರುವುದು ಫೈಲ್ ಒಳಗೇ ಕೂತಿದೆ, ಅಂದರೆ ರೆಕಾರ್ಡ್ ಆಗುವಾಗಲೇ ಸೇರಿದೆ. ಜಾಗ ಬದಲಾಯಿಸುವುದು ಲ್ಯಾಪ್‌ಟಾಪ್ ಹಾಡುವಾಗ ಮಾಡುತ್ತಿರುವ ಸದ್ದು. ಫೈಲನ್ನು ಫೋನ್‌ಗೆ ಹಾಕಿ ಕೇಳಿದೆ. ಜಾಗ ಬದಲಾಯಿಸುವ ಸದ್ದು ಫೋನ್‌ನಲ್ಲಿ ಇರಲೇ ಇಲ್ಲ.

ಜಾಗ ಬದಲಾಯಿಸುವುದನ್ನೇ ಮೊದಲು ಹಿಡಿದೆ. ಅದು ಯಾಕೆ ಬರುತ್ತದೆ ಅನ್ನುವುದಕ್ಕೆ ನಮ್ಮ ಅಬ್ಬಿ ನೀರಿನ ಹೋಲಿಕೆ ಸರಿಹೋಗುತ್ತದೆ. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ನೀರು ಬಂದು ಬಚ್ಚಲ ಹಂಡೆಗೆ ಬೀಳುತ್ತದೆ. ದಬ್ಬೆಗೆ ಎಲೆ ಸಿಕ್ಕಿಕೊಂಡರೆ ನೀರು ನಿಲ್ಲುತ್ತದೆ. ಹಂಡೆಯಲ್ಲಿ ಇರುವಷ್ಟು ಹೊತ್ತು ನಮಗೆ ಗೊತ್ತಾಗುವುದಿಲ್ಲ, ಖಾಲಿಯಾದ ಕೂಡಲೇ ಗೊತ್ತಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಹಂಡೆಗೆ ಬಫರ್ ಅನ್ನುತ್ತಾರೆ. ವಿಂಡೋಸ್ ಸಾಮಾನ್ಯವಾಗಿ 10 ಮಿಲಿಸೆಕೆಂಡ್‌ಗೆ ಒಮ್ಮೆ ಅದನ್ನು ತುಂಬುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಇರುವ ಸದ್ದಾದರೆ ಒಂದು ಸಲಕ್ಕೆ 480 ಸ್ಯಾಂಪಲ್. ಹಂಡೆ ತೀರಾ ಸಣ್ಣದು. ಆ ಹೊತ್ತಿನಲ್ಲಿ ಬೇರೆ ಯಾವುದೋ ಡ್ರೈವರ್ (ಲ್ಯಾಪ್‌ಟಾಪ್‌ನ ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಂ) ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡರೆ ಸದ್ದು ಬರುವುದು ತಡವಾಗಿ, ನಡುವೆ ಖಾಲಿ ಬೀಳುತ್ತದೆ. ಆ ಖಾಲಿಯೇ ಕಿವಿಗೆ ಚಟ್ ಅಂತ ಕೇಳುವುದು.

ಹಿಡಿದುಕೊಂಡವರು ಯಾರು ಅಂತ ನೋಡಲು ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಂ ಇದೆ. ಅದನ್ನು ಓಡಿಸಿ, ಹಾಡು ಹಾಕಿ, ಹತ್ತು ನಿಮಿಷ ಬಿಟ್ಟೆ. ಕೆಂಪು ಪಟ್ಟಿ ಬಂತು. ಡ್ರೈವರ್‌ಗಳ ಪಟ್ಟಿಯನ್ನು ಜಾಸ್ತಿ ಹೊತ್ತು ತಗೊಂಡದ್ದು ಮೇಲೆ ಬರುವ ಹಾಗೆ ಜೋಡಿಸಿದರೆ, ತುದಿಯಲ್ಲಿ ನೆಟ್‌ವರ್ಕ್‌ಗೆ ಸೇರಿದ ಫೈಲ್. 12 ಸಾವಿರ ಮೈಕ್ರೋಸೆಕೆಂಡ್, ಅಂದರೆ 12 ಮಿಲಿಸೆಕೆಂಡ್! ಸದ್ದಿಗೆ ಇದ್ದ ಹೊತ್ತೇ 10. ವೈಫೈ ಆಫ್ ಮಾಡಿದೆ. ಚಟಚಟ ನಿಂತೇ ಹೋಯ್ತು. ಆನ್ ಮಾಡಿದೆ, ಒಂದೇ ನಿಮಿಷಕ್ಕೆ ಬಂತು. ಮೂರು ಸಲ ಹೀಗೆ ಮಾಡಿ ನೋಡಿದ ಮೇಲೇ ನಂಬಿದ್ದು.

ತಾನಾಗಿ ಬಂದು ಕೂತಿದ್ದ ವೈಫೈ ಡ್ರೈವರ್ ತೆಗೆದು, ಲ್ಯಾಪ್‌ಟಾಪ್ ತಯಾರಕರ ಸೈಟ್‌ನಲ್ಲಿ ನನ್ನ ಮಾಡೆಲ್‌ಗೇ ಅಂತ ಇದ್ದದ್ದನ್ನು ಹಾಕಿದೆ. 12 ಸಾವಿರ ಇದ್ದ ಆ ಅಂಕಿ 400 ಮೈಕ್ರೋಸೆಕೆಂಡ್ ಒಳಗೆ ಇಳಿಯಿತು. ನಿಮ್ಮಲ್ಲಿ ವೈಫೈ ಬದಲು ಬ್ಲೂಟೂತ್ ಇರಬಹುದು, ಗ್ರಾಫಿಕ್ಸ್ ಡ್ರೈವರ್ ಇರಬಹುದು. ಅಳೆದು ನೋಡದೆ ಆಡಿಯೋ ಡ್ರೈವರನ್ನೇ ಹತ್ತು ಸಲ ತೆಗೆದು ಹಾಕಬೇಡಿ. ಸದ್ದು ಕೆಟ್ಟಿತು ಅಂದಕೂಡಲೇ ನಾವೆಲ್ಲ ಅದನ್ನೇ ಮಾಡುತ್ತೇವೆ, ಅಲ್ವಾ?

ಸ್ಯಾಂಪಲ್ ರೇಟ್ ಎಲ್ಲ ಕಡೆ 48,000 ಮಾಡುವುದು, ಪವರ್ ಪ್ಲಾನ್ ಬದಲಾಯಿಸುವುದು, ಸೌಂಡ್ ಸೆಟ್ಟಿಂಗ್‌ನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ ಆಫ್ ಮಾಡುವುದು, ಇವನ್ನೂ ಒಂದೊಂದಾಗಿ ಮಾಡಿದೆ. ನನಗೆ ಮೊದಲೆರಡರಿಂದ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಿಂದ ದನಿ ತಿಳಿಯಾಯ್ತು. ಇನ್ನು ಹಾಡು ಶುರುವಾಗುವಾಗ, ಮುಗಿಯುವಾಗ ಮಾತ್ರ ಬರುವ ಒಂದೇ ಟಪ್ ಬೇರೆ ಜಾತಿ. ಕರೆಂಟ್ ಉಳಿಸಲು ಆಡಿಯೋ ಚಿಪ್ ನಿದ್ದೆ ಹೋಗಿ ಏಳುವ ಸದ್ದು ಅದು. ತಮ್ಮನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಮಾಡ್ಯೂಲಿನ ಪವರ್ ಸೇವ್ ಬೆಲೆಯನ್ನು 0 ಮಾಡಿದ ಮೇಲೆ ಹೋಯ್ತು.

ಈಗ ಫೈಲ್ ಒಳಗೇ ಕೂತ ಸದ್ದು. ಅದರಲ್ಲೂ ಎರಡು ಬಗೆ ಇತ್ತು. ಒಂದು, ದೊಡ್ಡಮ್ಮ ದನಿ ಎತ್ತಿದಾಗೆಲ್ಲ ಪರಪರ. ಸದ್ದನ್ನು ಅಲೆಯಾಗಿ ತೋರಿಸುವ ಆಡಾಸಿಟಿ ಅನ್ನುವ ಪ್ರೋಗ್ರಾಂನಲ್ಲಿ ಹಿಗ್ಗಿಸಿ ನೋಡಿದರೆ ಅಲೆಯ ತಲೆ ಕತ್ತಿಯಲ್ಲಿ ಕಡಿದ ಹಾಗೆ ಚಪ್ಪಟೆ. ಲ್ಯಾಪ್‌ಟಾಪ್‌ನ ಒಂದೇ ತೂತಿನ ಜಾಕ್ ಇರುವುದು ಹೆಡ್‌ಸೆಟ್ ಮೈಕ್‌ಗೆ. ಟೇಪ್‌ನಿಂದ ಬರುವ ಜೋರು ಸಿಗ್ನಲ್ ಅದಕ್ಕೆ ತಡೆಯುವುದಿಲ್ಲ. ಶಿವಮೊಗ್ಗಕ್ಕೆ ಹೋಗಿ ಲೈನ್ ಇನ್ (ಇಂಥ ಜೋರು ಸಿಗ್ನಲ್ ತಗೊಳ್ಳುವ ಜಾಕ್) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ. ಹಬ್ ಬಿಟ್ಟು ನೇರ ಲ್ಯಾಪ್‌ಟಾಪ್‌ಗೇ ಚುಚ್ಚಿದೆ. ಎಷ್ಟೇ ಜೋರು ಬಂದರೂ ರೆಕಾರ್ಡಿಂಗ್ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಟ್ಟೆ. ಪರಪರ ಹೋಯ್ತು. ಚಪ್ಪಟೆಯಾದ ಫೈಲನ್ನು ಸರಿಮಾಡುವ ದಾರಿ ಹುಡುಕಬೇಡಿ, ಕ್ಯಾಸೆಟ್ ಇದ್ದರೆ ಇನ್ನೊಮ್ಮೆ ಇಳಿಸಿ.

ಇನ್ನೊಂದು, ಅಡಿಯಲ್ಲಿ ಗುಂಯ್ ಅನ್ನುವ ಸದ್ದು, ಅದರ ಮೇಲೆ ಸಣ್ಣ ಚಿಟಿಚಿಟಿ. ಚಾರ್ಜರ್ ಕಿತ್ತರೆ ಮಾಯ. ಅದೇ ಹೊತ್ತಿಗೆ ಇನ್ನೊಂದು ಗಮನಿಸಿದೆ. ಚಾರ್ಜರ್ ಹಾಕಿದ್ದಾಗ ಲ್ಯಾಪ್‌ಟಾಪ್‌ನ ಲೋಹದ ಮೈಮೇಲೆ ಬೆರಳ ಹಿಂಬದಿ ಮೆಲ್ಲಗೆ ಸವರಿದರೆ ಜುಂ ಅನ್ನುತ್ತಿತ್ತು. ಅರ್ಥಿಂಗ್ ಸರಿಯಿಲ್ಲ ಅನ್ನುವ ಗುಮಾನಿ ಬಂತು. ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದೆ. ಅವರು ಫೇಸ್‌ಗೂ ಅರ್ಥ್‌ಗೂ ಬಲ್ಬ್ ಕೊಟ್ಟು ನೋಡಿದರು. ಬಲ್ಬ್ ಮಿಣುಕು ಹುಳದ ಹಾಗೆ ಒಂಚೂರು ಕೆಂಪಾಗಿ ನಿಂತಿತು. "ಇದು ಅರ್ಥೇ ಅಲ್ಲ ಮಾರಾಯ್ರೆ," ಅಂದರು. ಮನೆ ಹಿಂದೆ ಅಗೆದರೆ ಪೈಪಿಗೆ ಬಂದ ತಂತಿ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ಹೊಸ ಗುಂಡಿ, ಇದ್ದಿಲು, ಉಪ್ಪು, ಹೊಸ ಪೈಪು. ಜುಂ ಅನ್ನುವುದು ನಿಂತಿತು, ಚಿಟಿಚಿಟಿಯೂ ನಿಂತಿತು.

ಗುಂಯ್ ಮಾತ್ರ ಚೂರು ಉಳಿಯಿತು. ಟೇಪ್ ಮತ್ತು ಲ್ಯಾಪ್‌ಟಾಪ್ ಎರಡೂ ಕರೆಂಟ್‌ನಲ್ಲಿದ್ದು, ನಡುವೆ ಕೇಬಲ್ ಇದ್ದರೆ ಹೀಗೆ ಆಗುವುದುಂಟು. ರೆಕಾರ್ಡ್ ಮಾಡುವಾಗ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದೆ. 60 ನಿಮಿಷದ ಕ್ಯಾಸೆಟ್‌ಗೆ ಬ್ಯಾಟರಿ ಸಾಕು. ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್‌ನ ದಪ್ಪ ಪಿನ್ನನ್ನು ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಇರುವುದು ನಮ್ಮ ಜೀವ ಕಾಯಲು, ಅದರಲ್ಲೂ ನೆಲ ಸದಾ ಒದ್ದೆ ಇರುವ ನಮ್ಮೂರಿನ ಮಳೆಗಾಲದಲ್ಲಿ.

ಈಗ 29 ಕ್ಯಾಸೆಟ್ ಆಗಿವೆ. ಒಂದು ವಿಂಡೋಸ್ ಅಪ್‌ಡೇಟ್ ಬಂದು ಹಳೆಯ ವೈಫೈ ಡ್ರೈವರನ್ನೇ ವಾಪಸ್ ಕೂರಿಸಿತ್ತು. ಚಟ್ ಅಂದ ಕೂಡಲೇ ಗೊತ್ತಾಯ್ತು. ಸರಿಯಾದ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೆ, ಐದು ನಿಮಿಷದ ಕೆಲಸ. ಮೊದಲ ಕ್ಯಾಸೆಟನ್ನು ಮತ್ತೆ ಇಳಿಸಿ ದೊಡ್ಡಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಮೂರನೇ ನುಡಿ ತಪ್ಪು ಹೇಳಿದೀನಲ," ಅಂದರು. ಮತ್ತೆ ಅಲ್ಲೇ ಕೂತು ಆ ನುಡಿಯನ್ನು ಸರಿಯಾಗಿ ಹೇಳಿಕೊಟ್ಟರು. ಅದನ್ನೂ ರೆಕಾರ್ಡ್ ಮಾಡಿಕೊಂಡೆ, ಚಾರ್ಜರ್ ತೆಗೆದು, ವೈಫೈ ಆಫ್ ಮಾಡಿ.