ಬೇಸ್ ಗಿಟಾರಿಗೆ ಮೊದಲು ಕ್ಯಾಬಿನೆಟ್, ಆಮೇಲೆ ವಾಟ್

ಡೊಂಬಿವಲಿಯ ನಮ್ಮ ಮನೆಗೆ ಬೇಸ್ ಗಿಟಾರ್ ಕಲಿಯಲು ಬರುವವರೆಲ್ಲ ಕೈ ಸ್ವಲ್ಪ ಹದಕ್ಕೆ ಬಂದ ಕೂಡಲೇ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಎಷ್ಟು ವಾಟಿನ ಆಂಪ್ಲಿಫೈಯರ್ ತೆಗೆದುಕೊಳ್ಳಲಿ?" ಅಂಗಡಿಯವರೂ ಆ ಸಂಖ್ಯೆಯನ್ನೇ ಮುಂದಿಟ್ಟು ಮಾರುತ್ತಾರೆ. ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ: ವಾಟಿನ ಲೆಕ್ಕ ಕೊನೆಗಿರಲಿ, ಮೊದಲು ಸ್ಪೀಕರ್ ಕ್ಯಾಬಿನೆಟ್, ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ, ಯಾವುದೆಂದು ನಿಶ್ಚಯಿಸಿ. ನಿಮ್ಮ ನಾದದ ಗುಣದಲ್ಲಿ ದೊಡ್ಡ ಪಾಲು ಅದರದು. ನೀವು ಹೊರಬೇಕಾದ ಭಾರದಲ್ಲೂ ದೊಡ್ಡ ಪಾಲು ಅದರದೇ. ಲೋಕಲ್ ರೈಲನ್ನು ನಂಬಿ ಬದುಕುವ ಮುಂಬಯಿಯ ವಾದಕರಿಗೆ ಈ ಎರಡನೆಯ ಸಂಗತಿಯೇನೂ ಸಣ್ಣದಲ್ಲ.

ಬೇಸ್ ಗಿಟಾರ್ ಸ್ಪೀಕರಿನಿಂದ ಕೇಳುವ ಕೆಲಸ ಎಂಥದೆಂದು ಮೊದಲು ತಿಳಿಯೋಣ. ನಾಲ್ಕು ತಂತಿಯ ಬೇಸಿನ ಅತಿ ದಪ್ಪದ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಂದರೆ 41 ಹರ್ಟ್ಜ್. ಐದು ತಂತಿಯ ಬೇಸಿನ ಬಿ ತಂತಿ ಇನ್ನೂ ಕೆಳಗೆ, 31ರ ಹತ್ತಿರ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿಯೇ 82ರಲ್ಲಿ ನಿಲ್ಲುತ್ತದೆ. ಅಷ್ಟು ಮಂದ್ರದ ಸ್ವರವನ್ನು ಕಿವಿಗೆ ಮುಟ್ಟಿಸಲು ಸ್ಪೀಕರಿನ ಕೋನ್, ಅಂದರೆ ಅದರ ಮುಂದೆ ಅದುರುವ ಬಟ್ಟಲಿನಂಥ ಭಾಗ, ತುಂಬಾ ಗಾಳಿಯನ್ನು ತಳ್ಳಬೇಕು, ಹಿಂದೆ ಮುಂದೆ ಹೆಚ್ಚು ದೂರ ಓಡಾಡಬೇಕು. ಗಿಟಾರಿನ ಆಂಪ್ಲಿಫೈಯರಿಗೆ ಬೇಸ್ ಸಿಕ್ಕಿಸಿ ಮನೆಯಲ್ಲಿ ಮೆಲ್ಲಗೆ ನುಡಿಸಿದರೆ ಏನೂ ಆಗುವುದಿಲ್ಲ. ಡ್ರಮ್ಸ್ ಎದುರು ಅದನ್ನೇ ಏರಿಸಿದರೆ ಕೋನ್ ತನ್ನ ಮಿತಿ ಮೀರಿ ಓಡಾಡಿ ಕೆಡುತ್ತದೆ. ದಯವಿಟ್ಟು ಆ ಪ್ರಯೋಗ ಬೇಡ.

ಕ್ಯಾಬಿನೆಟ್ ಚಿಕ್ಕದಿರಬೇಕು, ಮಂದ್ರ ಆಳವಾಗಿರಬೇಕು, ಕಡಿಮೆ ವಿದ್ಯುತ್ತಿಗೆ ಜೋರಾಗಿ ಕೇಳಿಸಬೇಕು ಎಂಬ ಮೂರು ಆಸೆಗಳು ಎಲ್ಲರಿಗೂ ಇರುತ್ತವೆ. ಇವುಗಳಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. ಸ್ಪೀಕರ್ ವಿನ್ಯಾಸಕಾರರು ಇದನ್ನು ಹಾಫ್‌ಮನ್ ನಿಯಮ ಎನ್ನುತ್ತಾರೆ. ಯಾವ ಕಂಪನಿಯ ಜಾಹೀರಾತೂ ಈ ನಿಯಮವನ್ನು ದಾಟಲಾರದು. ಅಂಗೈಯಗಲದ ಪೆಟ್ಟಿಗೆಯಲ್ಲಿ ಗುಡುಗು ತುಂಬಿದ್ದೇವೆ ಎಂದು ಯಾರಾದರೂ ಹೇಳಿದರೆ, ಆ ಗುಡುಗಿಗೆ ಎಷ್ಟು ವಾಟ್ ಸುರಿಯಬೇಕೆಂದು ಕೇಳಿ.

ಈಗ ವಾಟಿನ ವಿಷಯ. 100 ವಾಟಿನಿಂದ 200ಕ್ಕೆ ಏರಿಸಿದರೆ ಸಿಗುವುದು 3 ಡೆಸಿಬೆಲ್ (ಸದ್ದಿನ ಅಳತೆ) ಮಾತ್ರ. ಕಿವಿಗೆ ಗೊತ್ತಾಗುತ್ತದೆ, ಆದರೆ ಅಷ್ಟಕ್ಕಷ್ಟೇ. ಸದ್ದು ಇಮ್ಮಡಿಯಾಯಿತು ಎನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಇದರ ಬದಲು ಕ್ಯಾಬಿನೆಟ್ಟಿನ ವಿವರಪತ್ರದಲ್ಲಿ ಸೆನ್ಸಿಟಿವಿಟಿ ಎಂಬ ಸಾಲನ್ನು ಹುಡುಕಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. 94 ಡೆಸಿಬೆಲಿನ ಕ್ಯಾಬಿನೆಟ್ 400 ವಾಟ್ ತಿಂದು ಕೊಡುವ ಸದ್ದನ್ನು 100 ಡೆಸಿಬೆಲಿನದು 100 ವಾಟಿಗೇ ಕೊಡುತ್ತದೆ. ಜನ ಹೆಡ್ಡಿಗೆ (ಸ್ಪೀಕರ್ ಇಲ್ಲದ ಬಿಡಿ ಆಂಪ್ಲಿಫೈಯರಿಗೆ) ಸುರಿಯುವ ಹಣದ ಅರ್ಧವನ್ನು ಒಳ್ಳೆಯ ಕ್ಯಾಬಿನೆಟ್ಟಿಗೆ ಹಾಕಿದರೆ ಇದಕ್ಕಿಂತ ಹೆಚ್ಚು ಫಲ ಸಿಗುತ್ತದೆ ಎಂದು ನಾನು ಹಟ ಹಿಡಿದು ಹೇಳುವುದು ಈ ಕಾರಣಕ್ಕೆ. ಆದರೆ ಆ ಅಂಕಿ ಮಂದ್ರದ ಸ್ವರಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅದಕ್ಕೆ ಕಿವಿಯೇ ಬೇಕು, ಕೆಳಗೆ ಬರುತ್ತೇನೆ.

ಇನ್ನೊಂದು ಮಾತು. ಆಂಪ್ಲಿಫೈಯರಿನ ಬೇಸ್ ಗುಂಡಿಯನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ ಬೇಕಾಗುತ್ತದೆ. ಎಷ್ಟು ತಿರುಗಿಸಿದರೂ ಸಾಲದು ಎನ್ನುವವರ ಆಂಪ್ಲಿಫೈಯರುಗಳು ಬಹುಪಾಲು ಈ ಒಂದು ಗುಂಡಿಯಲ್ಲೇ ಸುಸ್ತಾಗಿರುತ್ತವೆ.

10 ಇಂಚೋ, 12 ಇಂಚೋ, 15 ಇಂಚೋ ಎಂಬ ಚರ್ಚೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ದೊಡ್ಡ ಕೋನ್ ಎಂದರೆ ಆಳದ ಮಂದ್ರ, ಚಿಕ್ಕದೆಂದರೆ ಚುರುಕು ಎಂಬ ನಂಬಿಕೆ ಹಳೆಯದು. ಪೆಟ್ಟಿಗೆಯ ಗಾತ್ರ ಮತ್ತು ಸ್ಪೀಕರಿನ ವಿನ್ಯಾಸ ಅದಕ್ಕಿಂತ ಮುಖ್ಯ. ಚೆನ್ನಾಗಿ ಮಾಡಿದ 12 ಇಂಚಿನದು ಕಳಪೆ 15 ಇಂಚಿನದಕ್ಕಿಂತ ಕೆಳಕ್ಕೆ ಇಳಿಯಬಲ್ಲದು. ಪೆಟ್ಟಿಗೆ ಪೂರ್ತಿ ಮುಚ್ಚಿದ್ದೋ, ಗಾಳಿ ಹೋಗಲು ಕಿಂಡಿ ಇರುವಂಥದೋ ಎಂಬುದನ್ನು ಗಮನಿಸಿ. ಮುಚ್ಚಿದ್ದು ಬಿಗಿಯಾಗಿ ನುಡಿಯುತ್ತದೆ, ಕೋನನ್ನು ಕಾಪಾಡುತ್ತದೆ. ಕಿಂಡಿಯದು ಅದೇ ಗಾತ್ರದಲ್ಲಿ ಸಾಮಾನ್ಯವಾಗಿ ಇನ್ನಷ್ಟು ಮಂದ್ರ ಕೊಡುತ್ತದೆ. ಆದರೆ ಕಿಂಡಿಯನ್ನು ಯಾವ ಕಂಪನಕ್ಕೆ ಹೊಂದಿಸಿದ್ದಾರೋ ಅದಕ್ಕಿಂತ ಕೆಳಗಿನ ಸ್ವರಗಳಲ್ಲಿ ಕೋನಿಗೆ ಹಿಡಿತವೇ ಇರುವುದಿಲ್ಲ. ಐದು ತಂತಿಯ ಬೇಸ್ ನುಡಿಸುವವರು ಹೈ ಪಾಸ್ ಫಿಲ್ಟರ್ (ತೀರಾ ಕೆಳಗಿನ ಕಂಪನಗಳನ್ನು ತಡೆಯುವ ಸೌಲಭ್ಯ) ಇರುವ ಹೆಡ್ ನೋಡಿಕೊಳ್ಳುವುದು ಒಳ್ಳೆಯದು.

ಮನೆಯ ಅಭ್ಯಾಸಕ್ಕೆ 15ರಿಂದ 30 ವಾಟಿನ ಕಾಂಬೊ ಸಾಕು. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದನ್ನೇ ಕಾಂಬೊ ಎನ್ನುವುದು. ಹೆಡ್‌ಫೋನ್ ತೂತು, ಮೊಬೈಲಿನಿಂದ ಹಾಡು ಹಾಕಿಕೊಳ್ಳುವ ತೂತು, ಎರಡೂ ಇರಲಿ. 41 ಹರ್ಟ್ಜಿನ ಅಲೆಯ ಉದ್ದ 8 ಮೀಟರಿಗಿಂತ ಹೆಚ್ಚು. ನಮ್ಮ ಕೋಣೆಗಳು ಹತ್ತು ಹನ್ನೆರಡು ಅಡಿ. ಆದ್ದರಿಂದ ಕಾಂಬೊವನ್ನು ಮೂಲೆಗೆ ತಳ್ಳಿದರೆ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಕಾಣೆಯಾಗುತ್ತವೆ. ಮೂಲೆಯಿಂದ ಹೊರಗೆ ತನ್ನಿ, ನೆಲಕ್ಕೆ ತಾಗದಂತೆ ದಪ್ಪ ರಬ್ಬರ್ ಅಥವಾ ಫೋಮಿನ ಮೇಲಿಡಿ. ಮಂದ್ರದ ಕಂಪನ ಸ್ಲ್ಯಾಬಿನೊಳಗೆ ಹರಿದು ಕೆಳಗಿನ ಮನೆಯವರ ಮಂಚಕ್ಕೆ ಮುಟ್ಟುತ್ತದೆ. ವಸತಿ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಳ್ಳಿ. ಸೊಸೈಟಿಯವರ ಜೊತೆ ಒಮ್ಮೆ ಮನಸ್ತಾಪವಾದರೆ ಹಗಲಿನ ಅಭ್ಯಾಸಕ್ಕೂ ಕುತ್ತು ಬರುತ್ತದೆ.

ಡ್ರಮ್ಸ್ ಇರುವ ಕಡೆ ಮಾತು ಬೇರೆ. ಜಾಮ್ ರೂಮಿನಲ್ಲಿ, ಸಣ್ಣ ವೇದಿಕೆಯಲ್ಲಿ 200ರಿಂದ 300 ವಾಟಿನ ನಿಜವಾದ ಶಕ್ತಿ, ಅಂದರೆ ಆರ್‌ಎಂಎಸ್ ಎಂದು ಬರೆದಿರುವ ಅಂಕಿ, ಮತ್ತು ಒಂದು 12 ಇಂಚಿನ ಅಥವಾ ಎರಡು 10 ಇಂಚಿನ ಸ್ಪೀಕರುಗಳ ಒಳ್ಳೆಯ ಕ್ಯಾಬಿನೆಟ್ ಇದ್ದರೆ ಕೆಲಸ ಸಾಗುತ್ತದೆ. "ಪೀಕ್" ಎಂದು ಬರೆದ ದೊಡ್ಡ ಅಂಕಿಯ ಕಡೆ ನೋಡಲೇಬೇಡಿ.

1969ರಲ್ಲಿ ಆಂಪೆಗ್ ಕಂಪನಿ 300 ವಾಟಿನ ಎಸ್‌ವಿಟಿ ಹೊರತಂದಾಗ ಬೇಸಿಗೆ ಮೊದಲ ಬಾರಿ ದೊಡ್ಡ ಮೈದಾನ ತುಂಬುವ ದನಿ ಬಂತು. ಎಂಟು 10 ಇಂಚಿನ ಸ್ಪೀಕರುಗಳ ಅದರ ಕ್ಯಾಬಿನೆಟ್ಟಿನ ಮುಂದೆ ನಿಂತು ನುಡಿಸಿದವರಿಗೆ ಆ ಸುಖ ಗೊತ್ತು. ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಈಗ ಸಿಗುವ ಅದೇ ಬಗೆಯ ಕ್ಯಾಬಿನೆಟ್ ಸುಮಾರು 63 ಕಿಲೊ ತೂಗುತ್ತದೆ. ದಾದರಿನಲ್ಲಿ ಸೆಂಟ್ರಲ್ ಲೈನಿನ ರೈಲಿನಿಂದ ವೆಸ್ಟರ್ನ್ ಲೈನಿನದಕ್ಕೆ ಬದಲಾಯಿಸುವವರಿಗೆ ಅದು ಆಗದ ಮಾತು. ನಿಯೊಡಿಮಿಯಂ ಅಯಸ್ಕಾಂತದ ಸ್ಪೀಕರ್ ಇರುವ 12 ಇಂಚಿನ ಕ್ಯಾಬಿನೆಟ್ 15 ಕಿಲೊ ಆಸುಪಾಸಿನಲ್ಲಿ ಸಿಗುತ್ತದೆ. ಕ್ಲಾಸ್ ಡಿ ಬಗೆಯ 500 ವಾಟಿನ ಹೆಡ್ ಎರಡು ಮೂರು ಕಿಲೊ, ಗಿಟಾರ್ ಚೀಲದ ಜೇಬಿಗೇ ಹೋಗುವಂಥದೂ ಇದೆ. ಬೆನ್ನಿಗೆ ಬೇಸ್, ಒಂದು ಕೈಯಲ್ಲಿ ಕ್ಯಾಬಿನೆಟ್, ಇನ್ನೊಂದು ಕೈ ಕಂಬಿ ಹಿಡಿಯಲು ಖಾಲಿ. ಇಷ್ಟಕ್ಕೆ ಹೊಂದದ ಸಾಮಾನನ್ನು ನಾನು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ. ಕೊಳ್ಳುವ ಮೊದಲು ರಿಕ್ಷಾದ ಹಿಂದಿನ ಸೀಟಿನ ಅಗಲವನ್ನು ಅಳೆದು ಇಟ್ಟುಕೊಳ್ಳಿ. ಕ್ಯಾಬಿನೆಟ್ಟಿನ ಹಿಡಿ ತೂಕದ ಮಧ್ಯಕ್ಕೆ ಇದೆಯೇ ಎಂದು ಎತ್ತಿ ನೋಡಿ. ಹತ್ತು ಮೆಟ್ಟಿಲು ಹತ್ತಿದ ಮೇಲೆ ಅದರ ಬೆಲೆ ತಿಳಿಯುತ್ತದೆ.

ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಅದರ ಲೆಕ್ಕದಲ್ಲಿ ತಪ್ಪಿದರೆ ಹೆಡ್ ಸುಡುತ್ತದೆ, ಆದ್ದರಿಂದ ನಿಧಾನವಾಗಿ ಓದಿ. ಹೆಡ್ಡಿನ ಹಿಂದೆ "ಕನಿಷ್ಠ 4 ಓಮ್" ಎಂದಿದ್ದರೆ ಅದಕ್ಕಿಂತ ಕಡಿಮೆ ಓಮಿನ ಹೊರೆ ಹಾಕಬಾರದು. 8 ಓಮಿನ ಎರಡು ಕ್ಯಾಬಿನೆಟ್ಟುಗಳನ್ನು ಸಮಾನಾಂತರವಾಗಿ (ಪ್ಯಾರಲಲ್) ಜೋಡಿಸಿದರೆ 4 ಓಮ್ ಆಗುತ್ತದೆ, ಸರಿ. 4 ಓಮಿನ ಎರಡು ಸೇರಿದರೆ 2, ಅದು ತಪ್ಪು. 8 ಮತ್ತು 4 ಸೇರಿದರೆ 2.67, ಅದೂ ತಪ್ಪು. ಈ ಕಾರಣಕ್ಕೆ ಮೊದಲ ಕ್ಯಾಬಿನೆಟ್ 8 ಓಮಿನದೇ ಇರಲಿ ಎನ್ನುತ್ತೇನೆ. 500 ವಾಟಿನ ಹೆಡ್ ಎಂದು ಬರೆದಿರುವುದು ಸಾಮಾನ್ಯವಾಗಿ 4 ಓಮಿಗೆ. 8 ಓಮಿನಲ್ಲಿ 300ರ ಹತ್ತಿರ ಕೊಡುತ್ತದೆ, ಜಾಮ್ ರೂಮಿಗೆ ಅದು ಸಾಕು. ಮುಂದೆ ಹಣ ಕೂಡಿದಾಗ ಅಂಥದೇ ಎರಡನೆಯ ಕ್ಯಾಬಿನೆಟ್ ತಂದು ಅದರ ಮೇಲೆ ನಿಲ್ಲಿಸಿದರೆ ಪೂರ್ತಿ ಶಕ್ತಿಯೂ ಹೊರಬರುತ್ತದೆ, ಸ್ಪೀಕರ್ ಕಿವಿಯ ಎತ್ತರಕ್ಕೂ ಬರುತ್ತದೆ. ಹಳೆಯ ರೇಡಿಯೊದಂತೆ ಗಾಜಿನ ವಾಲ್ವ್ ಇರುವ ಟ್ಯೂಬ್ ಹೆಡ್ಡುಗಳ ನಿಯಮ ಇನ್ನೂ ಕಟ್ಟುನಿಟ್ಟು: ಕ್ಯಾಬಿನೆಟ್ ಜೋಡಿಸದೆ ಅದನ್ನು ಎಂದೂ ನುಡಿಸಬಾರದು, ಓಮಿನ ಸ್ವಿಚ್ ಕ್ಯಾಬಿನೆಟ್ಟಿಗೆ ಸರಿಯಾಗಿ ಹೊಂದಿರಬೇಕು.

ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಗಿಟಾರಿನ ಕೇಬಲ್ ಹಾಕಬೇಡಿ. ನೋಡಲು ಸ್ಪೀಕರ್ ಕೇಬಲಿನ ಥರವೇ ಇದ್ದರೂ ಅದರೊಳಗಿನ ತಾಮ್ರ ಕೂದಲಿನಷ್ಟು ಸಣ್ಣ, ಕಾಯುತ್ತದೆ. ಸ್ಪೀಕಾನ್ ಕನೆಕ್ಟರ್ ಇರುವ ಸ್ಪೀಕರ್ ಕೇಬಲ್ ಬೇಕು. ಬೆಸುಗೆ ಹಾಕಲು ಬರುವವರು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನಲ್ಲಿ ಕನೆಕ್ಟರ್ ಮತ್ತು ಎರಡೂವರೆ ಚದರ ಮಿಲಿಮೀಟರಿನ ಜೋಡಿ ತಾಮ್ರದ ಕೇಬಲ್ ಕೊಂಡು ತಾವೇ ಮಾಡಿಕೊಳ್ಳಬಹುದು.

ಈಗ ಅಂಗಡಿಗೆ ಹೋಗೋಣ. ಧೋಬಿ ತಲಾವಿನ ಫುರ್ಟಾಡೋಸ್ ಇರಲಿ, ಹಳೆಯದನ್ನು ಮಾರುವವರ ಮನೆ ಇರಲಿ, ಕ್ರಮ ಒಂದೇ. ನಿಮ್ಮದೇ ಬೇಸ್ ಒಯ್ಯಿರಿ, ಜೊತೆಗೆ ನುಡಿಸಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಇ ತಂತಿಯನ್ನು ಖಾಲಿ ಮೀಟಿ, ಒಂದೊಂದೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಏರುತ್ತಾ 12ನೆಯದರವರೆಗೆ ಒಂದೇ ಬಲದಲ್ಲಿ ಹೋಗಿ. ಯಾವುದಾದರೂ ಸ್ವರ ಮಿಕ್ಕವುಗಳಿಗಿಂತ ಉಬ್ಬಿ ಬಂತೇ? ಕ್ಯಾಬಿನೆಟ್ಟನ್ನು ಒಂದು ಮೀಟರ್ ಸರಿಸಿ ಮತ್ತೆ ನುಡಿಸಿ. ಉಬ್ಬು ಬೇರೆ ಸ್ವರಕ್ಕೆ ಹೋದರೆ ಅಥವಾ ಇಳಿದರೆ ಅದು ಕೋಣೆಯದು. ಅದೇ ಸ್ವರದಲ್ಲಿ ಹಾಗೇ ನಿಂತರೆ ಕ್ಯಾಬಿನೆಟ್ಟಿನದು. ಆಮೇಲೆ ಜೊತೆಗಾರರ ಕೈಗೆ ಬೇಸ್ ಕೊಟ್ಟು ನೀವು ಹದಿನೈದು ಅಡಿ ದೂರ ಹೋಗಿ ನಿಲ್ಲಿ. ಕ್ಯಾಬಿನೆಟ್ಟಿಗೆ ಒರಗಿ ನಿಂತವರಿಗೆ ಸದ್ದು ಮೊಣಕಾಲಿಗೆ ಬಡಿಯುತ್ತದೆ, ಅದು ಸಭಿಕರಿಗೆ ಹೇಗೆ ಕೇಳಿಸುತ್ತದೆಂದು ತಿಳಿಯುವುದೇ ಇಲ್ಲ.

ಎಫ್ ಮತ್ತು ಜಿ ಸ್ವರಗಳನ್ನು ಜೋರಾಗಿ ನುಡಿಸಲು ಹೇಳಿ, ಕ್ಯಾಬಿನೆಟ್ಟಿನ ಜಾಲರಿ, ಹಿಡಿ, ಮೂಲೆಯ ತಗಡುಗಳ ಮೇಲೆ ಅಂಗೈ ಇಡುತ್ತಾ ಹೋಗಿ. ಗಿರ್ ಎನ್ನುವ ಸದ್ದು ಒತ್ತಿದ ಕೂಡಲೇ ನಿಂತರೆ ಅಲ್ಲೊಂದು ಸ್ಕ್ರೂ ಸಡಿಲ, ಚಿಂತೆಯಿಲ್ಲ. ಎಲ್ಲಿ ಒತ್ತಿದರೂ ನಿಲ್ಲದಿದ್ದರೆ ಮರದ ಸಂದು ಬಿಟ್ಟಿರಬಹುದು ಅಥವಾ ಸ್ಪೀಕರಿನ ಒಳಗೇ ದೋಷ ಇರಬಹುದು. ಹಳೆಯ ಕ್ಯಾಬಿನೆಟ್ ಆದರೆ ಜಾಲರಿ ಬಿಚ್ಚಿಸಿ, ಮೊಬೈಲಿನ ಬೆಳಕಿನಲ್ಲಿ ಕೋನಿನ ಅಂಚನ್ನು ಸುತ್ತಲೂ ನೋಡಿ, ಹರಿದಿದೆಯೇ, ಅಂಟು ಬಿಟ್ಟಿದೆಯೇ ಎಂದು. ಆಂಪ್ಲಿಫೈಯರ್ ಬಂದ್ ಮಾಡಿ, ಎರಡೂ ಕೈಗಳ ಬೆರಳುಗಳಿಂದ ಕೋನನ್ನು ಸಮವಾಗಿ, ಬಹಳ ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಮರಳು ಕೆರೆದಂಥ ಸದ್ದು ಬಂದರೆ ಕೋನಿನ ಹಿಂದಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ ಎಂದರ್ಥ, ಆ ವ್ಯವಹಾರ ಅಲ್ಲಿಗೇ ಬಿಡಿ.

ಕೊನೆಗೆ ಜೊತೆಗಾರರಿಗೆ ಒಂದು ಗಿಟಾರ್ ಕೊಡಿಸಿ ಇಬ್ಬರೂ ನುಡಿಸಿ. ಒಂಟಿಯಾಗಿ ಕೇಳಲು ಇಂಪಾಗಿದ್ದ, ಬುಡ ದಪ್ಪ, ತುದಿ ಮಿನುಗುವ ನಾದ ಗಿಟಾರ್ ಸೇರಿದೊಡನೆ ಕಾಣೆಯಾಗುವುದುಂಟು. ಮೇಳದಲ್ಲಿ ಬೇಸನ್ನು ಕೇಳಿಸುವುದು 200ರಿಂದ 800 ಹರ್ಟ್ಜಿನ ನಡುವಿನ ಭಾಗ. ಅಲ್ಲಿ ಸತ್ವವಿರುವ ಕ್ಯಾಬಿನೆಟ್ಟನ್ನೇ ಆರಿಸಿ, ಒಂಟಿಯಾಗಿ ಕೇಳುವಾಗ ತುಸು ಒರಟೆನಿಸಿದರೂ ಸರಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಸಭಾಂಗಣದಲ್ಲಿ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮಕ್ಕೆ ನುಡಿಸುವಾಗ ಸಭಿಕರಿಗೆ ಬೇಸ್ ಕೇಳಿಸುವುದು ಸಭಾಂಗಣದ ಸ್ಪೀಕರುಗಳಿಂದ. ನಿಮ್ಮ ಕ್ಯಾಬಿನೆಟ್ ನಿಮಗೆ ಮತ್ತು ತಬಲಾದವರಿಗೆ ಕೇಳಿಸಿದರೆ ಸಾಕು. ಆದ್ದರಿಂದ ಹೆಡ್ಡಿನಲ್ಲಿ ಮಿಕ್ಸರಿಗೆ ಹೋಗುವ ಡಿಐ ತೂತು ಇರಲೇಬೇಕು, ಗುಂಯ್‌ಗುಡುವಿಕೆ ನಿಲ್ಲಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಸಹ. ವೇದಿಕೆಯಲ್ಲಿ ಸದ್ದು ಏರಿಸಿದರೆ ಗಾಯಕರ ಮೈಕಿನೊಳಗೆಲ್ಲ ಬೇಸ್ ನುಗ್ಗಿ ಹಾಡಿನ ಮಾತೇ ಕೇಳಿಸದಂತಾಗುತ್ತದೆ. ಮಾತಿಗೆ ಪ್ರಾಣ ಬಿಡುವ ನಮ್ಮ ಶ್ರೋತೃಗಳು ಅದನ್ನು ಸಹಿಸುವುದಿಲ್ಲ, ಸಹಿಸಲೂಬಾರದು.

ಅಮೆರಿಕದಿಂದ ಅಣ್ಣನೋ ಅಕ್ಕನೋ ಹೆಡ್ ತಂದುಕೊಟ್ಟರೆ ಪ್ಲಗ್ಗಿಗೆ ಹಾಕುವ ಮುನ್ನ ಹಿಂಬದಿ ಓದಿ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಎರಡಕ್ಕೂ ಒಗ್ಗುವಂಥದಲ್ಲದಿದ್ದರೆ, ಬದಲಾಯಿಸುವ ಸ್ವಿಚ್ಚೂ ಇಲ್ಲದಿದ್ದರೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಹಚ್ಚಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ನೀರು ಕುಡಿದು ಊದಿಕೊಳ್ಳುತ್ತದೆ. ಪ್ಲೈವುಡ್ಡಿನ ಕ್ಯಾಬಿನೆಟ್ ಕೇಳಿ ಪಡೆಯಿರಿ, ನೀರಿಳಿಯದ ಹೊದಿಕೆಯನ್ನು ಅದರ ಜೊತೆಗೇ ಕೊಳ್ಳಿ. ನೆನೆದ ಹೊದಿಕೆಯನ್ನು ಮನೆಗೆ ಬಂದ ಕೂಡಲೇ ತೆಗೆದು ಒಣಗಿಸಿ, ಮುಚ್ಚಿಟ್ಟರೆ ಕೋನಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಹೆಡ್ಡಿನ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನುಡಿಸುವ ಕೆಲಸವಿಲ್ಲದಿದ್ದರೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಆಂಪ್ಲಿಫೈಯರ್ ಹಚ್ಚಿಡಿ, ಗುಂಡಿಗಳನ್ನೆಲ್ಲ ಒಂದು ಸುತ್ತು ತಿರುಗಿಸಿ, ಸ್ಪೀಕಾನನ್ನು ಒಮ್ಮೆ ಬಿಚ್ಚಿ ಸಿಕ್ಕಿಸಿ.